ಮಗು ತಾನೇ ಓದಬೇಕಾದರೆ ನಾವು ಸ್ವಲ್ಪ ಸುಮ್ಮನಿರಬೇಕು

ಮಗುವಿಗೆ ವರ್ಣಮಾಲೆ ಪೂರ್ತಿ ಬಾಯಿಪಾಠ. ‘ಅ’ದಿಂದ ‘ಳ’ವರೆಗೆ ಒಂದೇ ಉಸಿರಿಗೆ ಹೇಳುತ್ತದೆ. ಕಾಗುಣಿತವನ್ನೂ ರಾಗವಾಗಿ ಒಪ್ಪಿಸುತ್ತದೆ. ಆದರೆ ಕಥೆ ಪುಸ್ತಕ ತೆರೆದು ‘ಮರ’ ಅನ್ನುವ ಪದದ ಮೇಲೆ ಬೆರಳಿಟ್ಟರೆ ಪುಸ್ತಕ ಬಿಟ್ಟು ನಮ್ಮ ಮುಖ ನೋಡುತ್ತದೆ. ಅಪ್ಪ ಅಮ್ಮಂದಿರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ‘ಅಕ್ಷರ ಎಲ್ಲ ಬರುತ್ತೆ, ಓದೋಕೆ ಮಾತ್ರ ಬರಲ್ಲ’ ಅಂತ.

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಬಾಯಿಪಾಠ ಒಂದು ಕೆಲಸ, ಓದು ಬೇರೆಯೇ ಕೆಲಸ. ಬಾಯಿಪಾಠಕ್ಕೆ ‘ಕ’ ಆದಮೇಲೆ ‘ಖ’ ಅನ್ನುವ ಸಾಲು ನೆನಪಿದ್ದರೆ ಸಾಕು. ಓದುವಾಗ ಆ ಸಾಲು ಸಹಾಯಕ್ಕೆ ಬರುವುದಿಲ್ಲ. ‘ಮ’ ಒಂಟಿಯಾಗಿ ಕಣ್ಣಿಗೆ ಬಿದ್ದಾಗ ಅದರ ಶಬ್ದ ಹೊಳೆಯಬೇಕು. ಅದು ‘ರ’ದ ಶಬ್ದದ ಜೊತೆ ಕೂಡಬೇಕು. ಕೂಡಿದ್ದು ತನಗೆ ಗೊತ್ತಿರುವ ಪದ ಅಂತ ಗುರುತು ಹತ್ತಬೇಕು. ಇಷ್ಟೂ ಬೇಗ ಬೇಗ ಆಗಬೇಕು. ತಡವಾದರೆ ಮೂರನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಓದು ಅಂದರೆ ಏನು ಅನ್ನುವುದಕ್ಕೆ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಪದ ಮಾಡುವ ಶಕ್ತಿ ಒಂದು. ಕೇಳಿದ ಮಾತು ಅರ್ಥವಾಗುವ ಶಕ್ತಿ ಇನ್ನೊಂದು. ಓದಿ ಅರ್ಥ ಮಾಡಿಕೊಳ್ಳುವುದು ಈ ಎರಡರ ಗುಣಾಕಾರ. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆ. ಅಕ್ಷರ ಬಿಡಿಸಲು ಬಾರದ ಮಗುವಿಗೆ ನೂರು ಕಥೆ ಗೊತ್ತಿದ್ದರೂ ಪುಸ್ತಕ ತೆರೆದುಕೊಳ್ಳುವುದಿಲ್ಲ. ಪಟಪಟ ಓದುವ ಮಗುವಿಗೆ ಪದಗಳ ಅರ್ಥವೇ ಗೊತ್ತಿಲ್ಲದಿದ್ದರೆ ಅದು ಬರೀ ಸದ್ದು.

ಹಾಗಾಗಿ ಮನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಗು ಓದುವುದನ್ನು ನಾವು ಕೇಳುವುದು, ನಾವು ಓದುವುದನ್ನು ಮಗು ಕೇಳುವುದು. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವುದೇ ಜಾಸ್ತಿ.

ತಾನೇ ಬಿಡಿಸಿದ ಪದ

‘ತಾನೇ ಓದುವ’ ಮಟ್ಟಕ್ಕೆ ಮಗು ಹೇಗೆ ಬರುತ್ತದೆ? ಯಾರೂ ಮಗುವಿಗೆ ಸಾವಿರಾರು ಪದಗಳನ್ನು ಒಂದೊಂದಾಗಿ ಹೇಳಿಕೊಡುವುದಿಲ್ಲ. ಆದರೂ ಕೆಲವು ವರ್ಷಗಳಲ್ಲಿ ಅಷ್ಟು ಪದ ನೋಡಿದ ಕೂಡಲೇ ಗುರುತು ಸಿಗುತ್ತದೆ. ಇದಕ್ಕೆ ಒಪ್ಪುವಂಥ ವಿವರಣೆ ಕೊಟ್ಟವರು ಇಸ್ರೇಲಿನ ಮನಶ್ಶಾಸ್ತ್ರಜ್ಞ ಡೇವಿಡ್ ಶೇರ್. 1995ರ ಅವರ ಲೇಖನದ ತಿರುಳು ಇಷ್ಟು: ಮಗು ಒಂದು ಹೊಸ ಪದವನ್ನು ತಾನೇ ಕಷ್ಟಪಟ್ಟು ಬಿಡಿಸಿದ ಪ್ರತಿ ಸಲವೂ ಆ ಪದದ ರೂಪ ಮನಸ್ಸಿನಲ್ಲಿ ಕೂರುತ್ತದೆ. ಕೆಲವೇ ಸಲ ಹಾಗೆ ಬಿಡಿಸಿದರೆ ಸಾಕು, ಆಮೇಲೆ ಬಿಡಿಸುವ ಅಗತ್ಯವೇ ಇಲ್ಲ, ನೋಡಿದರೆ ಗೊತ್ತಾಗುತ್ತದೆ. ಅಂದರೆ ಮಗು ತನಗೆ ತಾನೇ ಮೇಷ್ಟ್ರು.

ಇದನ್ನು ಒಪ್ಪಿಕೊಂಡರೆ ಮನೆಯಲ್ಲಿ ನಾವು ಮಾಡುವ ಒಂದು ಕೆಲಸ ತಪ್ಪು ಅಂತ ಗೊತ್ತಾಗುತ್ತದೆ. ಮಗು ತಡವರಿಸಿದ ಕೂಡಲೇ ನಾವು ಪದ ಹೇಳಿಬಿಡುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಬೇಗ ಮುಗಿಯಲಿ ಅಂತಲೂ ಹೇಳುತ್ತೇವೆ. ಆದರೆ ನಾವು ಹೇಳಿದಾಗ ಮಗುವಿನ ಕಣ್ಣು ಅಕ್ಷರ ಬಿಟ್ಟು ನಮ್ಮ ಬಾಯಿಯ ಮೇಲೆ ಇರುತ್ತದೆ. ಪದ ಕಿವಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ. ಮುಂದಿನ ಪುಟದಲ್ಲಿ ಅದೇ ಪದ ಬಂದರೆ ಮತ್ತೆ ನಮ್ಮ ಮುಖ.

ಕಾಯಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಹೇಳುವುದು ಸುಲಭ, ಮಾಡುವುದು ಕಷ್ಟ. ಐದು ಸೆಕೆಂಡಿನ ಮೌನ ದೊಡ್ಡವರಿಗೆ ಬಹಳ ಉದ್ದ ಅನ್ನಿಸುತ್ತದೆ. ಪುಸ್ತಕದಲ್ಲಿ ‘ಬೆಕ್ಕು ಮರ ಹತ್ತಿತು’ ಅಂತಿದೆ ಅಂದುಕೊಳ್ಳಿ. ಮಗು ‘ಬೆ… ಕು…’ ಅಂದು ನಿಂತಿತು. ನೀವು ಸುಮ್ಮನಿದ್ದೀರಿ. ಕೆಳಗೆ ಏನೋ ಇದೆ ಅಂತ ಅದಕ್ಕೆ ಕಾಣಿಸಿತು. ‘ಬೆಕುಕ?’ ಅಂತು. ಈಗ ಬೆರಳಲ್ಲಿ ಒತ್ತನ್ನು ತೋರಿಸಿ ‘ಇದು ಯಾವುದರ ಒತ್ತು?’ ಅಂತ ಕೇಳಿ. ‘ಕ.’ ‘ಹಾಗಾದ್ರೆ ಬೆಕ್…’ ಅಂತ ಅರ್ಧಕ್ಕೆ ಬಿಡಿ. ‘ಬೆಕ್ಕು!’ ಅನ್ನುತ್ತದೆ. ಇಷ್ಟೇ ಸಹಾಯ. ಆಮೇಲೆ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಓದಿಸಿ, ಯಾಕಂದ್ರೆ ಪದ ಬಿಡಿಸುವ ಗಲಾಟೆಯಲ್ಲಿ ಅರ್ಥ ಕೈತಪ್ಪಿ ಹೋಗಿರುತ್ತದೆ.

ಎರಡು ಸಲ ಹೀಗೆ ಸುಳಿವು ಕೊಟ್ಟರೂ ಬರಲಿಲ್ಲ ಅಂದರೆ ಪದ ಹೇಳಿ ಮುಂದಕ್ಕೆ ಹೋಗಿ. ಅಳುವವರೆಗೆ ಹಿಡಿದು ಕೂರಿಸಿದರೆ ಆ ಪದದ ಜೊತೆ ಪುಸ್ತಕವೂ ಬೇಡವಾಗುತ್ತದೆ.

ನಮ್ಮ ಲಿಪಿಯ ಸುಲಭ, ನಮ್ಮ ಲಿಪಿಯ ಕಷ್ಟ

ಓದು ಕಲಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಓದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಅಕ್ಷರದ ಹೆಸರು ಒಂದು, ಶಬ್ದ ಇನ್ನೊಂದು, ಅದೂ ಪದದಿಂದ ಪದಕ್ಕೆ ಬದಲಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿತು. ಅವರಲ್ಲಿ ಓದು ಕಲಿಯಲು ಎಲ್ಲರಿಗಿಂತ ಜಾಸ್ತಿ ಸಮಯ ಹಿಡಿದದ್ದು ಇಂಗ್ಲಿಷ್ ಮಕ್ಕಳಿಗೆ. ಕನ್ನಡದಲ್ಲಿ ಆ ತೊಂದರೆ ಇಲ್ಲ. ‘ಕ’ದ ಹೆಸರೂ ಕ, ಶಬ್ದವೂ ಕ. ಬರೆದದ್ದನ್ನೇ ಓದುತ್ತೇವೆ.

ಹಾಗಂತ ಕನ್ನಡ ಓದು ಮೂರು ತಿಂಗಳಲ್ಲಿ ಮುಗಿಯುವ ಕೆಲಸವೂ ಅಲ್ಲ. ಇಲ್ಲಿ ಕಷ್ಟ ಇರುವುದು ರೂಪಗಳ ಸಂಖ್ಯೆಯಲ್ಲಿ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಮೂರು ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಅಂತ ಕಂಡುಬಂತು. ಆರು ವರ್ಷದ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನ ಅಲ್ಲ, ಲಿಪಿಯೇ ಕೇಳುವ ಸಮಯ ಅದು.

442 ರೂಪ ಅಂದರೆ ಹೆದರಿಕೆ ಆಗುತ್ತೆ ಅಲ್ವಾ? ನಿಜಕ್ಕೂ ಕಲಿಯಬೇಕಾದದ್ದು 34 ಅಕ್ಷರ ಮತ್ತು 12 ಗುರುತು (‘ಅ’ ಮೂಲ ಅಕ್ಷರದಲ್ಲೇ ಇದೆ). ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಮುಂತಾದ ಗುರುತುಗಳು ಎಲ್ಲ ಅಕ್ಷರಕ್ಕೂ ಸುಮಾರಾಗಿ ಒಂದೇ ಥರ ಅಂಟಿಕೊಳ್ಳುತ್ತವೆ. ಈ ಗುಟ್ಟು ಮಗುವಿಗೆ ಹೊಳೆಯುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಕಾಗುಣಿತವನ್ನು ‘ಕ ಕಾ ಕಿ ಕೀ’ ಅಂತ ಅಡ್ಡ ಸಾಲಿನಲ್ಲಿ ರಾಗ ಹಾಕಿಸುವುದಕ್ಕಿಂತ ಒಂದೇ ಗುರುತನ್ನು ಹಿಡಿದು ಕೆಳಗಿಳಿಯುವುದು ಒಳ್ಳೆಯದು: ಗಿ, ದಿ, ಸಿ, ನಿ, ಬಿ. ಹತ್ತು ನಿಮಿಷದಲ್ಲಿ ಮಗುವೇ ‘ತಲೆ ಮೇಲೆ ಗುಡಿಸು ಬಂದ್ರೆ ಇ ಅಂತ ಹೇಳ್ಬೇಕು’ ಅನ್ನುತ್ತದೆ. ಆಮೇಲೆ ಕಲಿಸದೆ ಇದ್ದ ‘ಟಿ’ಯನ್ನು ತೋರಿಸಿ. ಓದಿದರೆ ಗುಟ್ಟು ಹತ್ತಿದೆ ಅಂತ ಅರ್ಥ.

ಮೊದಲು ಯಾವ ಅಕ್ಷರ? ವರ್ಣಮಾಲೆಯ ಕ್ರಮವೇ ಆಗಬೇಕಿಲ್ಲ. ವರ್ಣಮಾಲೆ ಶಬ್ದ ಹುಟ್ಟುವ ಜಾಗ ನೋಡಿ ಜೋಡಿಸಿದ ಕ್ರಮ, ಓದು ಕಲಿಯುವ ಮಗುವಿಗಾಗಿ ಮಾಡಿದ್ದಲ್ಲ. ಅ, ಆ, ಇ, ಈ ಕಲಿತು ವಾರ ಕಳೆದರೂ ಓದಲು ಒಂದು ಪದ ಸಿಗುವುದಿಲ್ಲ. ಶಾಲೆಗಳಲ್ಲಿ ‘ರ ಗ ಸ ದ ಅ’ ಅಂತ ಶುರು ಮಾಡುವ ಕ್ರಮ ಇದೆಯಲ್ಲ, ಅದು ಜಾಣತನದ್ದು. ಇವು ಬರೆಯಲೂ ಸುಲಭ. ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಗರಗಸ ಅಂತ ಪದಗಳು ಸಿಗುತ್ತವೆ. ಮೊದಲ ವಾರದಲ್ಲೇ ‘ಗರಗಸ’ ಓದಿದ ಮಗುವಿಗೆ ಬರುವ ಧೈರ್ಯವೇ ಬೇರೆ. ಅದಕ್ಕೆ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ಮಗ, ದನ, ಗಮನ ಎಲ್ಲ ಬರುತ್ತವೆ.

ಒಂದೇ ಥರ ಕಾಣುವವನ್ನು ಮಾತ್ರ ಒಂದೇ ದಿನ ಕಲಿಸಬೇಡಿ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ, ರ ಮತ್ತು ಠ, ಉ ಮತ್ತು ಊ. ‘ಮ’ ಮತ್ತು ‘ವು’ ಮಕ್ಕಳ ಕಣ್ಣಿಗೆ ಅವಳಿ ಮಕ್ಕಳೇ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ‘ಎಲ್ಲಿ ವ್ಯತ್ಯಾಸ?’ ಅಂತ ಕೇಳಿ.

ಒತ್ತಕ್ಷರದ ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಯಾಕಂದ್ರೆ ಚೆನ್ನಾಗಿ ಓದುತ್ತಿದ್ದ ಮಗು ಕೈಚೆಲ್ಲುವುದು ಇಲ್ಲೇ. ‘ಹಕ್ಕಿ’ ಅಂತ ಬರೆದು ನೋಡಿ. ಗುಡಿಸು ಇರುವುದು ಮೇಲಿನ ‘ಕ’ದ ತಲೆಯ ಮೇಲೆ. ಆದರೆ ‘ಇ’ ಶಬ್ದ ಕೇಳಿಸುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಣ್ಣಿಗೆ ಕಾಣುವ ಕ್ರಮವೇ ಬೇರೆ, ಬಾಯಿಗೆ ಬರುವ ಕ್ರಮವೇ ಬೇರೆ. ಮಗು ‘ಹಕಿಕ’ ಅಂತ ಓದಿದರೆ ಅದು ಕಂಡದ್ದನ್ನು ಪ್ರಾಮಾಣಿಕವಾಗಿ ಓದಿದೆ. ಗದರಿದರೆ ಏನು ತಪ್ಪಾಯಿತು ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ‘ಹಕ್’ ಅಂತ ಒಂದು ಚಪ್ಪಾಳೆ, ‘ಕಿ’ ಅಂತ ಇನ್ನೊಂದು ಚಪ್ಪಾಳೆ ಹೊಡೆಸಿ. ಮೊದಲು ಕಿವಿಗೆ ಸರಿಯಾಗಲಿ, ಆಮೇಲೆ ‘ಮೇಲಿನದು ಅರ್ಧ, ಕೆಳಗಿನದು ಪೂರ್ತಿ’ ಅಂತ ತೋರಿಸಿ. ಅರ್ಕಾವೊತ್ತಿನದು ಇನ್ನೂ ತಮಾಷೆ. ‘ಸೂರ್ಯ’ದಲ್ಲಿ ಆ ಗುರುತು ‘ಯ’ದ ಆಚೆ ಕೂತಿದೆ, ಶಬ್ದ ಮಾತ್ರ ‘ಯ’ಕ್ಕಿಂತ ಮುಂಚೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಪುಟ್ಟ ಅಕ್ಷರಗಳೇ. ಗ, ಪ, ಟ, ಬ, ದ ಇವುಗಳ ಒತ್ತನ್ನು ಮಗು ಊಹೆಯಿಂದಲೇ ಗುರುತಿಸಬಹುದು. ಮೂಲ ಅಕ್ಷರದ ಹೋಲಿಕೆ ಇಲ್ಲದವು ಮುಖ್ಯವಾಗಿ ಆರು: ತ, ನ, ಮ, ಯ, ರ, ಲ. ಪಾಪ, ಮಕ್ಕಳ ದಿನದ ಮಾತಿನಲ್ಲಿ ಬರುವುದೂ ಇವೇ. ಅಮ್ಮ, ಇಲ್ಲ, ನನ್ನ, ಮತ್ತೆ, ಅಯ್ಯೋ. ಈ ಆರನ್ನು ಬೇರೆಯಾಗಿ, ಈ ಪದಗಳ ಮೂಲಕವೇ ಕಲಿಸಿದರೆ ಒತ್ತಕ್ಷರದ ಭಯ ಬಹುಪಾಲು ಹೋಗುತ್ತದೆ.

ಬರೆಯುವುದೂ ಓದಿಗೆ ಸಹಾಯ ಮಾಡುತ್ತದೆ, ಆದರೆ ಎಲ್ಲ ಬರವಣಿಗೆಯೂ ಅಲ್ಲ. ಓದು ಬಾರದ ಐದು ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಕ್ಷರವನ್ನು ತಾವೇ ಕೈಯಾರೆ ಬರೆದ ಮಕ್ಕಳ ಮೆದುಳಿನಲ್ಲಿ ಓದಿಗೆ ಬೇಕಾದ ಭಾಗಗಳು ಹೆಚ್ಚು ಚುರುಕಾದವು. ಚುಕ್ಕೆಗಳ ಮೇಲೆ ತಿದ್ದಿದಾಗ ಮತ್ತು ಕೀಲಿಮಣೆಯಲ್ಲಿ ಒತ್ತಿದಾಗ ಅಷ್ಟಾಗಲಿಲ್ಲ. ಪುಟಗಟ್ಟಲೆ ತಿದ್ದಿಸುವ ಬದಲು ‘ಗ ಹೇಗಿರುತ್ತೆ, ನೋಡ್ದೆ ಬರಿ’ ಅಂತ ನಾಲ್ಕೇ ಸಲ ಬರೆಸಿ. ಸೊಟ್ಟಗಾದರೂ ಪರವಾಗಿಲ್ಲ.

ಓದುತ್ತಿದೆಯೋ, ಒಪ್ಪಿಸುತ್ತಿದೆಯೋ

ಹತ್ತು ಸಲ ಕೇಳಿದ ಕಥೆಯನ್ನು ಮಗು ಪುಟ ತಿರುಗಿಸುತ್ತಾ ಸರಾಗವಾಗಿ ಹೇಳುತ್ತದೆ. ನೋಡಿದವರಿಗೆ ಓದಿದ ಹಾಗೆಯೇ ಕಾಣುತ್ತದೆ. ಇದು ಒಳ್ಳೆಯ ಲಕ್ಷಣವೇ, ಬೇಡ ಅನ್ನಬೇಡಿ. ಓದು ಮಾತ್ರ ಅಲ್ಲ. ಸಾಲಿನ ನಡುವಿನ ಒಂದು ಪದವನ್ನು ತೋರಿಸಿ ಕೇಳಿದರೆ ಗೊತ್ತಾಗುತ್ತದೆ. ಮೊದಲಿನಿಂದ ಶುರು ಮಾಡಿ ಅಲ್ಲಿಗೆ ಬರಬೇಕಾಗಿ ಬಂದರೆ ಅದು ನೆನಪು.

ಚಿತ್ರ ನೋಡಿ ಊಹಿಸುವುದು ಇದರ ತಂಗಿ. ಮೇಕೆಯ ಚಿತ್ರ ಇದೆ, ಕೆಳಗೆ ‘ಮೇಕೆ’ ಅಂತ ಬರೆದಿದೆ, ಮಗು ‘ಆಡು’ ಅನ್ನುತ್ತದೆ. ಅರ್ಥ ಸರಿ, ಓದು ತಪ್ಪು. ‘ಚಿತ್ರ ನೋಡಿ ಹೇಳು’ ಅಂತ ನಾವೇ ಹೇಳಿಕೊಡುವುದುಂಟು. ನನ್ನ ಪ್ರಕಾರ ಅದು ಕೆಟ್ಟ ಅಭ್ಯಾಸ. ಚಿತ್ರ ಇಲ್ಲದ ಪುಸ್ತಕ ಬಂದ ದಿನ ಊಹಿಸಿ ಓದುವ ಮಗು ಪೂರ್ತಿ ಕಂಗಾಲಾಗುತ್ತದೆ. ‘ಹೌದು, ಆಡೇ ಅದು. ಇಲ್ಲಿ ಏನು ಬರೆದಿದ್ದಾರೆ, ಮೊದಲನೇ ಅಕ್ಷರ ನೋಡು’ ಅಂತ ಕಣ್ಣನ್ನು ಪದಕ್ಕೆ ಕರೆತನ್ನಿ. ಪದ ಓದಿದ ಮೇಲೆ ಚಿತ್ರ ನೋಡಿ ಸರಿಯಾಯಿತಾ ಅಂತ ನೋಡಿಕೊಳ್ಳಲಿ. ಚಿತ್ರಕ್ಕೆ ಆ ಕೆಲಸ ಸರಿ.

ತಪ್ಪು ಓದಿದ್ದನ್ನೆಲ್ಲ ತಿದ್ದಬೇಕಾ? ಸಾಲು ಮುಗಿಯುವವರೆಗೆ ಬಿಡಿ. ಎಷ್ಟೋ ಸಲ ಅರ್ಥ ಕೂಡದೆ ಮಗುವೇ ಹಿಂದಕ್ಕೆ ಬರುತ್ತದೆ. ಹಾಗೆ ತಾನೇ ತಿದ್ದಿಕೊಂಡಾಗ ಹೊಗಳಿ. ‘ಜಾಣ, ಜಾಣೆ’ ಅನ್ನುವುದಕ್ಕಿಂತ ‘ತಪ್ಪಾಯ್ತು ಅಂತ ನಿಂಗೇ ಗೊತ್ತಾಯ್ತಲ್ಲ’ ಅಂದರೆ ಯಾವುದಕ್ಕೆ ಮೆಚ್ಚಿದಿರಿ ಅಂತ ಅದಕ್ಕೆ ತಿಳಿಯುತ್ತದೆ.

ಪುಸ್ತಕ ಆರಿಸುವಾಗ ನಮ್ಮ ಆಸೆ ಸ್ವಲ್ಪ ಮೇಲಕ್ಕೇ ಹಾರುತ್ತದೆ. ತಾನೇ ಓದಬೇಕಾದ ಪುಸ್ತಕ ಸುಲಭ ಇರಬೇಕು. 20 ಪದಕ್ಕೆ ಒಂದು ಗೊತ್ತಿಲ್ಲದ ಪದ ಇದ್ದರೆ ಸರಿ. ಸಾಲಿಗೆ ಮೂರು ಪದ ಸಿಕ್ಕಿಹಾಕಿಕೊಂಡರೆ ಅದನ್ನು ನೀವು ಓದಿ ಹೇಳುವ ಪುಸ್ತಕಗಳ ಸಾಲಿಗೆ ಹಾಕಿ. ಕನ್ನಡದಲ್ಲಿ ಹಂತ ಹಂತವಾಗಿ ಓದಲು ಪುಸ್ತಕ ಸಿಗುವುದಿಲ್ಲ ಅನ್ನುವವರು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ನೋಡಬಹುದು. ಕಥೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಕನ್ನಡದವೂ ಇವೆ, ದುಡ್ಡು ಕೊಡಬೇಕಿಲ್ಲ. ಮುದ್ರಿಸಿಕೊಂಡು ಓದಿಸಿದರೆ ಇನ್ನೂ ಒಳ್ಳೆಯದು. ಫೋನ್ ಕೈಗೆ ಬಂದರೆ ಕಥೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು.

ಅದೇ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತದೆ ಅನ್ನುವುದು ಇನ್ನೊಂದು ದೂರು. ಓದಲಿ ಬಿಡಿ. ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಸುವುದು ಓದಿನ ವೇಗ ಹೆಚ್ಚಿಸುವ ವಿಧಾನ ಅಂತ ಅಮೆರಿಕದ ಸಂಶೋಧಕ ಜೇ ಸ್ಯಾಮ್ಯುಯೆಲ್ಸ್ 1979ರಲ್ಲೇ ಬರೆದಿದ್ದರು. ಮೊದಲ ಸಲ ಅಕ್ಷರ ಬಿಡಿಸುವುದರಲ್ಲೇ ಮನಸ್ಸೆಲ್ಲ ಖರ್ಚಾಗುತ್ತದೆ. ಮೂರನೇ ಸಲಕ್ಕೆ ಕಥೆಯ ಕಡೆ ಗಮನ ಕೊಡಲು ಪುರುಸೊತ್ತು ಸಿಗುತ್ತದೆ.

ಕಿವಿಯ ಪಾಲು

ಈಗ ಮೊದಲು ಹೇಳಿದ ಗುಣಾಕಾರದ ಲೆಕ್ಕದ ಇನ್ನೊಂದು ಭಾಗ, ಕೇಳಿದ ಮಾತು ಅರ್ಥವಾಗುವ ಶಕ್ತಿ. ಮನೆಯಲ್ಲಿ ‘ಕೂತ್ಕೊಂಡ’, ‘ಹೋಗ್ತಾನೆ’ ಅನ್ನುತ್ತೇವೆ. ಪುಸ್ತಕದಲ್ಲಿ ‘ಕುಳಿತುಕೊಂಡನು’, ‘ಹೋಗುತ್ತಾನೆ’ ಅಂತ ಇರುತ್ತದೆ. ಮಗು ‘ಕು-ಳಿ-ತು-ಕೊಂ-ಡ-ನು’ ಅಂತ ಒಂದಕ್ಷರ ತಪ್ಪದೆ ಬಿಡಿಸಿ, ಇದೇನು ಪದ ಅಂತ ಕಣ್ಣು ಬಿಡುತ್ತದೆ. ಕಿವಿಗೆ ಬೀಳದ ಪದವನ್ನು ಕಣ್ಣು ಗುರುತಿಸುವುದು ಹೇಗೆ? ಪುಸ್ತಕದ ಕನ್ನಡ ಮಗುವಿನ ಕಿವಿಗೆ ಬೀಳುವುದು ನಾವು ಓದಿ ಹೇಳಿದಾಗ ಮಾತ್ರ. ಹಾಗಾಗಿ ಓದಿ ಹೇಳುವಾಗ ಎಲ್ಲವನ್ನೂ ಮಾತಿನ ಕನ್ನಡಕ್ಕೆ ಬದಲಾಯಿಸಬೇಡಿ. ಇದ್ದ ಹಾಗೆ ಓದಿ, ಅರ್ಥವಾಗದ ಕಡೆ ‘ಅಂದ್ರೆ ಕೂತ್ಕೊಂಡ’ ಅಂತ ಸೇರಿಸಿ.

ಈ ಹೊತ್ತಿನಲ್ಲಿ ಅಕ್ಷರ ಪರೀಕ್ಷೆ ಬೇಡ. ‘ಇದು ಯಾವ ಅಕ್ಷರ ಹೇಳು’ ಅಂತ ಕಥೆಯ ನಡುವೆ ಕೇಳಿದರೆ ಕಥೆಯೂ ಹೋಯಿತು, ಖುಷಿಯೂ ಹೋಯಿತು. ಕೇಳುವುದಾದರೆ ‘ಮುಂದೆ ಏನಾಗಬಹುದು?’, ‘ಅವಳು ಯಾಕೆ ಸುಳ್ಳು ಹೇಳಿದ್ಲು?’ ಅಂತ ಕೇಳಿ. ಮಗು ತಾನು ಓದಲು ಹತ್ತು ನಿಮಿಷ ಸಾಕು. ನೀವು ಓದಿ ಹೇಳುವುದಕ್ಕೆ ಮಿತಿ ಏನಿಲ್ಲ.

ಯಾವ ವಯಸ್ಸಿಗೆ ಶುರು ಮಾಡಬೇಕು ಅನ್ನುವ ಚಿಂತೆ ಬಹಳ ಜನಕ್ಕೆ ಇದೆ. ಫಿನ್ಲೆಂಡಿನಲ್ಲಿ ಮಕ್ಕಳು ಶಾಲೆ ಶುರು ಮಾಡುವುದೇ 7ರಲ್ಲಿ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತು ಜೊತೆಯವರು 5ರಲ್ಲಿ ಓದು ಶುರು ಮಾಡಿದವರನ್ನೂ 7ರಲ್ಲಿ ಶುರು ಮಾಡಿದವರನ್ನೂ ಹೋಲಿಸಿದರು. 11 ವರ್ಷದ ಹೊತ್ತಿಗೆ ಇಬ್ಬರ ಓದೂ ಒಂದೇ ಮಟ್ಟಕ್ಕೆ ಬಂದಿತ್ತು. ಮೂರು ವರ್ಷದ ಮಗುವಿಗೆ ಫ್ಲ್ಯಾಶ್ ಕಾರ್ಡ್ ಹಿಡಿದು ಪಕ್ಕದ ಮನೆ ಮಗುವಿನ ಜೊತೆ ಓಟಕ್ಕೆ ನಿಲ್ಲಿಸುವ ಅಗತ್ಯ ಖಂಡಿತ ಇಲ್ಲ. ಆ ವಯಸ್ಸಿಗೆ ಪ್ರಾಸದ ಪದ್ಯ, ಮಾತು, ಕಥೆ ಸಾಕು. ‘ಕಮಲದಲ್ಲಿ ಕ ತೆಗೆದ್ರೆ ಏನುಳಿಯುತ್ತೆ?’ ಅನ್ನುವಂಥ ಬಾಯಿ ಆಟ ಆಡಿ. ಶಬ್ದವನ್ನು ಒಡೆದು ಕೇಳುವ ಈ ಕಿವಿಯೇ ಮುಂದೆ ಅಕ್ಷರಕ್ಕೆ ನೆಲೆ.

ನಿಧಾನ ಬೇರೆ, ತೊಂದರೆ ಬೇರೆ. ಒಂದು ವರ್ಷ ಸರಿಯಾಗಿ ಕಲಿಸಿದ ಮೇಲೂ ನಿನ್ನೆ ಗೊತ್ತಿದ್ದ ಅಕ್ಷರ ಇವತ್ತು ಹೊಸದಾಗಿ ಕಾಣುತ್ತಿದ್ದರೆ, ಬಾಯಿ ಮಾತಿನಲ್ಲಿ ಚುರುಕಾಗಿದ್ದು ಓದಿನಲ್ಲಿ ಮಾತ್ರ ತುಂಬಾ ಹಿಂದಿದ್ದರೆ, ಪ್ರಾಸ ಹಿಡಿಯುವುದೇ ಕಷ್ಟವಾದರೆ ಮೊದಲು ಕಣ್ಣು, ಕಿವಿ ತೋರಿಸಿ. ಅಲ್ಲಿ ಸರಿ ಇದ್ದರೆ ಡಿಸ್ಲೆಕ್ಸಿಯಾ (ಓದು ಕಲಿಯುವುದನ್ನೇ ಕಷ್ಟ ಮಾಡುವ ತೊಂದರೆ) ಇರಬಹುದಾ ಅಂತ ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿ. ಅದು ಬುದ್ಧಿ ಕಡಿಮೆ ಅನ್ನುವುದರ ಗುರುತಲ್ಲ. ಬೇಗ ಗೊತ್ತಾದಷ್ಟೂ ಸಹಾಯ ಮಾಡುವುದು ಸುಲಭ. ‘ದೊಡ್ಡವನಾದ್ರೆ ಸರಿಹೋಗ್ತಾನೆ’ ಅಂತ ವರ್ಷಗಟ್ಟಲೆ ಕಾಯುವುದು ಮಾತ್ರ ಬೇಡ.

ಮಗು ತಾನೇ ಓದಲು ಶುರು ಮಾಡಿದ ದಿನ ಹೆಚ್ಚಿನ ಮನೆಗಳಲ್ಲಿ ಓದಿ ಹೇಳುವುದು ನಿಂತುಹೋಗುತ್ತದೆ. ‘ಈಗ ಬರುತ್ತಲ್ಲ, ನೀನೇ ಓದ್ಕೋ.’ ಇದು ಬಹಳ ಬೇಗ ಆಯಿತು. ಏಳು ವರ್ಷದ ಮಗು ಕೇಳಿ ಅರ್ಥ ಮಾಡಿಕೊಳ್ಳುವ ಕಥೆ, ಅದು ತಾನೇ ಓದಬಲ್ಲ ಕಥೆಗಿಂತ ಎಷ್ಟೋ ದೊಡ್ಡದು. ಆ ಅಂತರ ಮುಚ್ಚಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಎರಡೂ ನಡೆಯಲಿ. ತುಟಿ ಮಾತ್ರ ಅಲ್ಲಾಡಿಸುತ್ತಾ, ಆಮೇಲೆ ಅದೂ ಇಲ್ಲದೆ ಮನಸ್ಸಿನಲ್ಲೇ ಓದಲು ತೊಡಗಿದಾಗ ‘ಜೋರಾಗಿ ಓದು, ಕೇಳಿಸ್ಲಿ’ ಅನ್ನಬೇಡಿ. ನಿಜವಾಗಿ ಓದಿದೆಯಾ ಅಂತ ಅನುಮಾನ ಬಂದರೆ ನೀವು ಓದಿರದ ಪುಸ್ತಕದ ಬಗ್ಗೆಯೇ ‘ಅದ್ರಲ್ಲಿ ಏನಾಯ್ತು, ನಂಗೂ ಹೇಳು’ ಅಂತ ಕೇಳಿ.